‘ಅಡ್ವಾನ್ಸ್ಡ್’ ಒತ್ತಿ ಮುಂದೆ ಹೋಗೋ ಮುಂಚೆ

1/8

ಫ್ರೆಂಡ್ಸ್, ಒಂದು ಪ್ರಶ್ನೆ. ಓದೋ ಕಾಲದಲ್ಲಿ ಯಾರಿಗಾದರೂ ವೆಬ್‌ಸೈಟ್ ಮಾಡಿಕೊಟ್ಟವರು ನಿಮ್ಮಲ್ಲಿ ಎಷ್ಟು ಜನ ಇದೀರಿ? ಫೈನಲ್ ಇಯರ್ ಪ್ರಾಜೆಕ್ಟ್ ಅಂತಲೋ, ಚಿಕ್ಕಪ್ಪನ ಅಂಗಡಿ ಅಂತಲೋ, ಊರ ಜಾತ್ರೆ ಕಮಿಟಿ ಅಂತಲೋ? ಈಗ ಎರಡನೇ ಪ್ರಶ್ನೆ. ಆ ಸೈಟಿನ ಟಿಎಲ್‌ಎಸ್ ಸರ್ಟಿಫಿಕೇಟ್ ಯಾವ ತಾರೀಖಿಗೆ ಮುಗಿಯುತ್ತೆ, ಗೊತ್ತಾ?

ಗೊತ್ತಿಲ್ಲ ಅಂದ್ರೆ ಈ ಎಂಟು ಪೋಸ್ಟ್ ನಿಮಗೇ. ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರೂರಲ್ಲಿ ಒಂದೊಂದು ಸಣ್ಣ ಸೈಟನ್ನ ನಾನು ನೋಡಿಕೊಳ್ತಿದೀನಿ. ದಿನಕ್ಕೆ ನೂರು ಜನ ಬಂದರೆ ಅದೇ ಹಬ್ಬ. ಆದರೂ ಆ ಮೂರು ಸೈಟು ಕಲಿಸಿದ್ದನ್ನ ಯಾವ ಸಿಲಬಸ್ಸೂ ಕಲಿಸಿರಲಿಲ್ಲ.

ಮೊದಲು ಒಂದು ನಿಮಿಷದ ಪಾಠ. ಬ್ರೌಸರ್ ಮತ್ತು ಸರ್ವರ್ ನಡುವಿನ ಮಾತನ್ನ ದಾರಿಯಲ್ಲಿ ಯಾರೂ ಓದದ ಹಾಗೆ, ತಿದ್ದದ ಹಾಗೆ ಕಾಯೋ ವ್ಯವಸ್ಥೆಯೇ ಟಿಎಲ್‌ಎಸ್. ಅದರಲ್ಲಿ ಸರ್ವರ್ ತೋರಿಸೋ ಗುರುತಿನ ಚೀಟಿಯೇ ಸರ್ಟಿಫಿಕೇಟ್. ಸೈಟಿನ ಹೆಸರು, ಪಬ್ಲಿಕ್ ಕೀ, ಚೀಟಿ ಕೊಟ್ಟ ಸಂಸ್ಥೆಯ ಡಿಜಿಟಲ್ ಸಹಿ, ಶುರುವಾಗೋ ತಾರೀಖು, ಮುಗಿಯೋ ತಾರೀಖು, ಇಷ್ಟು ಅದರಲ್ಲಿರುತ್ತೆ.

ಮುಗಿಯೋ ತಾರೀಖು ದಾಟಿತು ಅಂದ್ರೆ ದಾಟಿತು. ಎಫ್‌ಸಿ ಮುಗಿದ ಮಾರನೇ ದಿನವೂ ಆಟೋ ಓಡುತ್ತೆ, ಪೊಲೀಸ್ ಕೈ ಅಡ್ಡ ಹಾಕೋವರೆಗೆ. ಇಲ್ಲಿ ಹಾಗಲ್ಲ, ಪ್ರತಿ ಗಿರಾಕಿಯ ಫೋನಿನೊಳಗೂ ಒಬ್ಬ ಪೊಲೀಸ್ ಕೂತಿದಾನೆ.

2/8

ಕಡೂರಿನ ಸೈಟು ನಮ್ಮ ಮಾವನದು. ಡ್ರಿಪ್ ಪೈಪು, ಸ್ಪ್ರಿಂಕ್ಲರ್, ಮೋಟಾರ್ ಬಿಡಿಭಾಗ ಮಾರೋ ಅಂಗಡಿ. ತೋಟದವರು ಸೈಟಲ್ಲಿ ರೇಟು ನೋಡ್ತಾರೆ, ಆರ್ಡರ್ ಬರೆದು ಕಳಿಸ್ತಾರೆ, ಸಂಜೆ ಬಸ್ಸಿಗೆ ಸಾಮಾನು ಹೋಗುತ್ತೆ. ಸೈಟು ಮಾಡಿದ ಹುಡುಗ ಒಳ್ಳೆ ಕೆಲಸಗಾರ. ಕಾಲೇಜು ಮುಗೀತು, ಬೆಂಗಳೂರಲ್ಲಿ ಕೆಲಸ ಸಿಕ್ತು, ಹೊರಟುಹೋದ. ಅವನು ಒಂದು ವರ್ಷಕ್ಕೆ ದುಡ್ಡು ಕೊಟ್ಟು ತಂದ ಸರ್ಟಿಫಿಕೇಟ್ ಒಂದು ಶನಿವಾರ ಮುಗೀತು. ‘ನವೀಕರಿಸಿ’ ಅನ್ನೋ ಮೇಲ್‌ಗಳೆಲ್ಲ ಯಾರೂ ತೆರೆಯದ ಒಂದು ಹಳೇ ಇನ್‌ಬಾಕ್ಸಿಗೆ ಬಂದು ಬಿದ್ದಿದ್ದವು.

ವಾರ ಕಳೆದು ನಾನು ಊರಿಗೆ ಹೋದಾಗ ಸೈಟು ತೆರೆದರೆ ಬಿಳಿ ಪುಟ, ಕೆಂಪು ತ್ರಿಕೋನ, ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಅನ್ನೋ ಅರ್ಥದ ಎಚ್ಚರಿಕೆ. ಮಾವನ ಮುಖದಲ್ಲಿ ಮಾತ್ರ ಏನೂ ಚಿಂತೆ ಇಲ್ಲ.

“ಅದಾ? ಏನಿಲ್ಲ ಕಣಮ್ಮ. ಕೆಳಗೆ ಅಡ್ವಾನ್ಸ್ಡ್ ಅಂತ ಐತಲ್ಲ, ಅದನ್ನೊತ್ತಿದ್ರೆ ಇನ್ನೊಂದು ಲೈನ್ ಬತ್ತದೆ, ಅದನ್ನೊತ್ತಿದ್ರೆ ಸೀದಾ ಒಳಕ್ಕೋಗುತ್ತೆ. ಎಲ್ಲರಿಗೂ ವಾಟ್ಸ್ಯಾಪಲ್ಲಿ ವಾಯ್ಸ್ ಹಾಕಿ ಹೇಳ್ಕೊಟ್ಟಿದೀನಿ.”

ಎಲ್ಲರಿಗೂ ಅಂದ್ರೆ ಗಿರಾಕಿ ಗ್ರೂಪಿಗೆ. ಸುತ್ತಮುತ್ತಲ ತೋಟದವರು, ಅವರ ಮನೆಯವರು, ಮಕ್ಕಳು. ವ್ಯಾಪಾರ ನಿಲ್ಲಬಾರದು ಅಂತ ಮಾವ ತನಗೆ ತೋಚಿದ್ದನ್ನ ಮಾಡಿದ್ದರು. ಒಂದು ಆರ್ಡರೂ ತಪ್ಪಿರಲಿಲ್ಲ. ಹಾಗಾದರೆ ನಷ್ಟ ಏನಾಯ್ತು ಅಂತೀರಾ? ಮುಂದಿನ ಪೋಸ್ಟ್ ಓದಿ.

3/8

ಅದೇ ತಿಂಗಳು ಅತ್ತೆ ಫೋನ್ ಮಾಡಿದರು. “ಅಡ್ವಾನ್ಸ್ಡ್ ಎಲ್ಲೈತೆ ಕಣೇ? ಹುಡುಕಿ ಹುಡುಕಿ ಸಾಕಾಯ್ತು.”

ಮಾವನ ಸೈಟಿನ ವಿಷಯ ಅಂದುಕೊಂಡೆ. ಅಲ್ಲ. ಕರೆಂಟ್ ಬಿಲ್ ಕಟ್ಟಿಲ್ಲ, ಇವತ್ತು ರಾತ್ರಿ ಕನೆಕ್ಷನ್ ಕಟ್ ಮಾಡ್ತೀವಿ ಅಂತ ಅವರಿಗೆ ಒಂದು ಮೆಸೇಜ್ ಬಂದಿತ್ತು, ಜೊತೆಗೆ ಲಿಂಕು. ಒತ್ತಿದರೆ ಇಡೀ ಪರದೆ ಕೆಂಪು. ಮೋಸದ ಸೈಟು ಅಂತ ಬ್ರೌಸರ್ ತಡೆದಾಗ ತೋರಿಸೋ ಪುಟ ಅದು. ಅದರಲ್ಲಿ ‘ಅಡ್ವಾನ್ಸ್ಡ್’ ಬದಲು ‘ಡೀಟೇಲ್ಸ್’ ಅಂತ ಇರುತ್ತೆ. ಆ ಒಂದು ಪದ ಬೇರೆ ಇದ್ದಿದ್ದಕ್ಕೆ ಅತ್ತೆ ನನಗೆ ಫೋನ್ ಮಾಡಿದರು. ಇಲ್ಲದಿದ್ದರೆ ಬ್ಯಾಂಕಿಗೆ ಫೋನ್ ಮಾಡೋ ಪರಿಸ್ಥಿತಿ ಬರ್ತಿತ್ತೋ ಏನೋ.

“ಮುಚ್ಚಿಬಿಡಿ ಅತ್ತೆ, ಏನೂ ಒತ್ತಬೇಡಿ” ಅಂದೆ. “ಮಾವನ ಸೈಟಲ್ಲೂ ಹಿಂಗೇ ಬತ್ತಿತ್ತಲ್ಲ, ಒತ್ತಿದ್ರೆ ಏನೂ ಆಗಲಿಲ್ಲ” ಅಂದರು.

ನೋಡಿ, ನಷ್ಟ ಅಲ್ಲಾಗಿತ್ತು. ಎಚ್ಚರಿಕೆ ಬಂದರೆ ನಿಲ್ಲಬೇಕು ಅನ್ನೋ ಅಭ್ಯಾಸ ಹೋಗಿತ್ತು. ನಂಬಿಕಸ್ಥರ ಸೈಟೇ ‘ಇದೆಲ್ಲ ಸುಮ್ನೆ, ಒತ್ತಿ ಮುಂದೆ ಹೋಗಿ’ ಅಂತ ಕಲಿಸಿದ ಮೇಲೆ, ಮೋಸಗಾರನಿಗೆ ಅರ್ಧ ಕೆಲಸ ಮುಗಿದ ಹಾಗೆ.

ಇನ್ನೊಂದು ಮಾತು ನೇರವಾಗಿ ಹೇಳ್ತೀನಿ. ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ಸೈಟು ಪ್ರಾಮಾಣಿಕ ಅಂತಲ್ಲ. ಮೋಸದ ಸೈಟಿಗೂ ಸರ್ಟಿಫಿಕೇಟ್ ಸಿಗುತ್ತೆ. ನೀವು ಮಾತಾಡ್ತಿರೋದು ವಿಳಾಸದ ಪಟ್ಟಿಯಲ್ಲಿರೋ ಆ ಹೆಸರಿನ ಸರ್ವರ್ ಜೊತೆಗೇ ಅಂತ ಅದು ಹೇಳುತ್ತೆ, ಅಷ್ಟೇ. ಬೀಗದ ಚಿತ್ರ ನೋಡಿ ಜನ ತಪ್ಪು ತಿಳೀತಾರೆ ಅಂತಲೇ ಕ್ರೋಮ್ 2023ರಲ್ಲಿ ಆ ಬೀಗವನ್ನ ತೆಗೆದು ಬೇರೆ ಚಿಹ್ನೆ ಹಾಕಿತು. ಆದರೆ ಎಚ್ಚರಿಕೆ ಪುಟ ಇನ್ನೂ ಇದೆ. ಅದರ ಮರ್ಯಾದೆ ಉಳಿಸೋದು ಸೈಟು ನಡೆಸೋ ನಮ್ಮ ಕೈಲಿದೆ.

4/8

“ಹಾಗಾದ್ರೆ ಹತ್ತು ವರ್ಷಕ್ಕೆ ಒಂದೇ ಸಲ ಕೊಟ್ಟುಬಿಡಬಾರದಾ? ಮುಗಿಯೋದೇ ಯಾಕೆ?” ಇದು ಕಾಮೆಂಟಲ್ಲಿ ಬಂದೇ ಬರೋ ಪ್ರಶ್ನೆ, ಈಗಲೇ ಉತ್ತರ.

ಸರ್ವರಿನ ಗುಟ್ಟಿನ ಕೀ ಕಳುವಾಗಬಹುದು. ಡೊಮೇನ್ ಬೇರೆಯವರ ಕೈ ಸೇರಬಹುದು. ಸರ್ಟಿಫಿಕೇಟ್ ಕೊಡೋ ಸಂಸ್ಥೆಯೇ ಎಡವಬಹುದು. ಮೂರನೆಯದು ನಮ್ಮ ದೇಶದಲ್ಲೇ ಆಗಿದೆ. 2014ರ ಜುಲೈನಲ್ಲಿ ಗೂಗಲ್ಲಿನ ಡೊಮೇನ್‌ಗಳ ಹೆಸರಲ್ಲಿ ಗೂಗಲ್ಲಿಗೇ ಗೊತ್ತಿಲ್ಲದ ಸರ್ಟಿಫಿಕೇಟ್‌ಗಳು ಹೊರಬಂದಿರೋದು ಪತ್ತೆಯಾಯ್ತು. ಕೊಟ್ಟಿದ್ದು ಭಾರತದ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್‌ನ ಸರ್ಟಿಫಿಕೇಟ್ ವಿಭಾಗ. ಅಂಥ ಚೀಟಿ ಕೈಲಿದ್ದವರು ನಡುವೆ ನಿಂತು, ತಾವೇ ಗೂಗಲ್ ಅಂತ ನಟಿಸಬಹುದು. ಅದರ ಮೇಲಿದ್ದ ಕಂಟ್ರೋಲರ್ ಆಫ್ ಸರ್ಟಿಫೈಯಿಂಗ್ ಅಥಾರಿಟೀಸ್ ಆ ವಿಭಾಗದ ಅಧಿಕಾರಪತ್ರಗಳನ್ನೇ ರದ್ದು ಮಾಡಿತು.

ರದ್ದು ಮಾಡೋದು ಕಾಗದದಲ್ಲಿ ಸುಲಭ. ರದ್ದಾದ ಸುದ್ದಿ ಪ್ರತಿ ಫೋನಿಗೂ ಸರಿಯಾದ ಹೊತ್ತಿಗೆ ತಲುಪಿಸೋದು ಇವತ್ತಿಗೂ ಕಷ್ಟ. ಆಯುಷ್ಯ ಚಿಕ್ಕದಿದ್ದರೆ ತಪ್ಪಾದ ಚೀಟಿ ತಾನಾಗೇ ಬೇಗ ಸಾಯುತ್ತೆ.

ಅದಕ್ಕೇ ಅವಧಿ ಇಳೀತಾ ಬಂದಿದೆ. 2018ರ ಮಾರ್ಚಿನಿಂದ ಹೆಚ್ಚೆಂದರೆ 825 ದಿನ. 2020ರ ಸೆಪ್ಟೆಂಬರಿನಿಂದ 398. ಸರ್ಟಿಫಿಕೇಟ್ ಕೊಡೋರು ಮತ್ತು ಬ್ರೌಸರ್ ಮಾಡೋರು ಸೇರಿರೋ ಸಿಎ/ಬ್ರೌಸರ್ ಫೋರಂ 2025ರ ಏಪ್ರಿಲ್‌ನಲ್ಲಿ, ಆಪಲ್ ಮುಂದಿಟ್ಟ ಹೊಸ ಪಟ್ಟಿಯನ್ನ ಒಪ್ಪಿತು. 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100, 2029ರ ಮಾರ್ಚ್ 15ರಿಂದ 47.

ಲೆಕ್ಕ ಹಾಕಿ. 47 ದಿನ ಅಂದ್ರೆ ವರ್ಷಕ್ಕೆ ಕಡಿಮೆ ಅಂದ್ರೂ 8 ಸಲ. ಕಡೂರಿನಲ್ಲಿ ಕೂತು 20 ಸೈಟು ನೋಡಿಕೊಳ್ಳೋ ಫ್ರೀಲಾನ್ಸರ್‌ಗೆ ವರ್ಷಕ್ಕೆ 160 ಸಲ. ಕ್ಯಾಲೆಂಡರಲ್ಲಿ ಗುರುತು ಹಾಕಿ ಕೈಯಲ್ಲೇ ಮಾಡ್ತೀನಿ ಅಂದ್ರೆ ಬೇರೆ ಕೆಲಸ ಬಿಡಬೇಕು.

5/8

ದೊಡ್ಡವರಿಗೆ ಮರೆಯಲ್ಲ ಅಂದುಕೊಂಡಿದೀರಾ? 2018ರ ಡಿಸೆಂಬರ್ 6ರಂದು ಬ್ರಿಟನ್ನಿನ ಓ2, ಜಪಾನಿನ ಸಾಫ್ಟ್‌ಬ್ಯಾಂಕ್ ಎರಡರ ಮೊಬೈಲ್ ಜಾಲವೂ ಕೈಕೊಟ್ಟಿತು. ಕೋಟಿಗಟ್ಟಲೆ ಜನರ ಫೋನು ಸುಮ್ಮನಾಯ್ತು. ಕಾರಣ, ಎರಿಕ್ಸನ್ ಕೊಟ್ಟಿದ್ದ ಸಾಫ್ಟ್‌ವೇರ್‌ನೊಳಗೆ ಅವಧಿ ಮುಗಿದ ಸರ್ಟಿಫಿಕೇಟ್. 2020ರ ಫೆಬ್ರವರಿ 3ರಂದು ಮೈಕ್ರೋಸಾಫ್ಟ್ ಟೀಮ್ಸ್ ಕೆಲವು ಗಂಟೆ ನಿಂತಿದ್ದೂ ಇದೇ ಕಾರಣಕ್ಕೆ. ಅಷ್ಟು ಇಂಜಿನಿಯರ್‌ಗಳಿದ್ದ ಕಡೆಯೇ ನೆನಪು ಕೈಕೊಟ್ಟಿದೆ. ಮನುಷ್ಯನ ನೆನಪನ್ನ ನಂಬಿ ಮಾಡೋ ಕೆಲಸ ಇದಲ್ಲ.

ದಾರಿ ಏನು? 2015ರ ಡಿಸೆಂಬರಿನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಲ್ಲರಿಗೂ ತೆರೆದುಕೊಂಡಿತು. ಲಾಭಕ್ಕಲ್ಲದ ಸಂಸ್ಥೆ, ಸರ್ಟಿಫಿಕೇಟ್ ಪುಕ್ಕಟೆ, ಅವಧಿ 90 ದಿನ. ಪುಕ್ಕಟೆ ಅನ್ನೋದಕ್ಕಿಂತ ದೊಡ್ಡ ವಿಷಯ, ಕೇಳೋದೂ ಕೊಡೋದೂ ಎರಡೂ ಯಂತ್ರಗಳೇ. ಆ ಮಾತುಕತೆಯ ನಿಯಮಕ್ಕೆ ಆಕ್ಮೆ ಅಂತ ಹೆಸರು. 2019ರಲ್ಲಿ ಅದು ಆರ್‌ಎಫ್‌ಸಿ 8555 ಅಂತ ಮಾನದಂಡವೂ ಆಯ್ತು.

ಹೇಗೆ ನಡೆಯುತ್ತೆ? ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರೆ ಪೊಲೀಸ್ ವೆರಿಫಿಕೇಶನ್ ಆಗುತ್ತಲ್ಲ, ಹಾಗೆ. ನಿಮ್ಮ ಸರ್ವರ್ “ಈ ಹೆಸರಿಗೆ ಸರ್ಟಿಫಿಕೇಟ್ ಬೇಕು” ಅನ್ನುತ್ತೆ. ಅವರು ಒಂದು ಗುಟ್ಟಿನ ಪದ ಕೊಟ್ಟು “ಇದನ್ನ ನಿಮ್ಮ ಸೈಟಿನ ಇಂಥ ಜಾಗದಲ್ಲಿ ಇಡಿ” ಅಂತಾರೆ. ಆಮೇಲೆ ಜಗತ್ತಿನ ಬೇರೆ ಬೇರೆ ಕಡೆಯಿಂದ ಬಂದು ನೋಡ್ತಾರೆ. ಪದ ಅಲ್ಲೇ ಇದ್ದರೆ ಮನೆ ನಿಮ್ಮದೇ ಅಂತ ಖಾತ್ರಿ, ಸರ್ಟಿಫಿಕೇಟ್ ಸಿಗುತ್ತೆ. ಸೈಟಿನ ಬದಲು ಡಿಎನ್‌ಎಸ್ ದಾಖಲೆಯಲ್ಲಿ ಪದ ಬರೆದು ತೋರಿಸೋ ದಾರಿಯೂ ಇದೆ.

ನಿಮ್ಮ ಕಡೆಯಿಂದ ಈ ಮಾತಾಡೋಕೆ ಸರ್ಟ್‌ಬಾಟ್ ಅನ್ನೋ ಪ್ರೋಗ್ರಾಂ ಇದೆ, ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ನೋಡಿಕೊಳ್ಳುತ್ತೆ. ಸಾಮಾನ್ಯವಾಗಿ ಇನ್‌ಸ್ಟಾಲ್ ಮಾಡಿದಾಗಲೇ ಒಂದು ಟೈಮರ್ ಕೂರುತ್ತೆ. ದಿನಕ್ಕೆ ಎರಡು ಸಲ ಎದ್ದು “ಹತ್ತಿರ ಬಂತಾ?” ಅಂತ ನೋಡುತ್ತೆ. ಬಂದಿಲ್ಲ ಅಂದ್ರೆ ಮಲಗುತ್ತೆ. ಮಾವನ ಸೈಟಿಗೆ ಇದನ್ನ ಕೂರಿಸೋಕೆ ನನಗೆ ಒಂದು ಲೋಟ ಟೀ ಆರೋಷ್ಟು ಹೊತ್ತು ಹಿಡೀತು. ಅವತ್ತು ಸಂಜೆ ಮಾವ ಗ್ರೂಪಿಗೆ ಇನ್ನೊಂದು ವಾಯ್ಸ್ ಹಾಕಿದರು. “ಇನ್ಮೇಲೆ ಕೆಂಪು ತ್ರಿಕೋನ ಬಂದ್ರೆ ಒತ್ತಬೇಡಿ, ಅಂಗಡಿಗೆ ಫೋನ್ ಮಾಡಿ.” ಈ ಸರಣಿಯಲ್ಲಿ ನನಗೆ ತುಂಬಾ ಇಷ್ಟವಾದ ಸಾಲು ಅದು.

6/8

ಆಟೋಮ್ಯಾಟಿಕ್ ಆಯ್ತು, ಇನ್ನು ಆರಾಮ ಅನ್ನೋರು ತರೀಕೆರೆಗೆ ಬನ್ನಿ.

ನಮ್ಮ ಕ್ಲಾಸ್‌ಮೇಟ್ ಒಬ್ಬ ಲಕ್ಕವಳ್ಳಿ ರಸ್ತೆ ಕಡೆ ಹೋಮ್‌ಸ್ಟೇ ನಡೆಸ್ತಾನೆ. ಭದ್ರಾ ಡ್ಯಾಮ್, ಕೆಮ್ಮಣ್ಣುಗುಂಡಿ ನೋಡೋಕೆ ಬರೋರೇ ಅವನ ಗಿರಾಕಿಗಳು. ಶುಕ್ರವಾರ ಸಂಜೆಯ ಬುಕಿಂಗೇ ಅವನ ವಾರದ ಊಟ. ಅಂಥ ಒಂದು ಶುಕ್ರವಾರ ಸೈಟು ಎಚ್ಚರಿಕೆ ತೋರಿಸೋಕೆ ಶುರುಮಾಡ್ತು. ನವೀಕರಣ ಆಟೋಮ್ಯಾಟಿಕ್ ಇತ್ತು, ಹಿಂದಿನ ತಿಂಗಳೇ ಆಗಿತ್ತು ಕೂಡ. ಫೋಲ್ಡರ್ ತೆರೆದರೆ ಹೊಸ ಸರ್ಟಿಫಿಕೇಟ್ ಕೂತಿದೆ, ಇನ್ನೂ ಎರಡು ತಿಂಗಳ ಆಯುಷ್ಯ ಇದೆ. ಆದರೆ ಬ್ರೌಸರಿಗೆ ಕಾಣ್ತಿರೋದು ಹಳೇದು!

ಕಾರಣ ಸರಳ. ಎಂಜಿನ್‌ಎಕ್ಸ್ ಥರದ ವೆಬ್ ಸರ್ವರ್ ಶುರುವಾಗುವಾಗ ಸರ್ಟಿಫಿಕೇಟ್ ಓದಿ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತೆ. ಡಿಸ್ಕಲ್ಲಿ ಫೈಲ್ ಬದಲಾದರೆ ತಾನಾಗಿ ತಿರುಗಿ ನೋಡಲ್ಲ. ಡಿಪೋದಲ್ಲಿ ಬಸ್ ಟೈಮ್ ಬದಲಾಗಿದೆ, ಸ್ಟ್ಯಾಂಡಿನ ಬೋರ್ಡ್ ಮಾತ್ರ ಹಳೇದೇ ನೇತಾಡ್ತಿದೆ ಅಂದ್ಕೊಳ್ಳಿ. ಸರ್ವರಿಗೆ ‘ರೀಲೋಡ್’ ಅಂತ ಒಂದು ಮಾತು ಹೇಳಬೇಕಿತ್ತು. ಆ ಸೈಟು ಕೂರಿಸಿಕೊಟ್ಟವರು ಸರ್ಟಿಫಿಕೇಟ್ ತರೋದನ್ನ ಮಾತ್ರ ಜೋಡಿಸಿದ್ದರು, ಹೇಳೋದನ್ನ ಜೋಡಿಸಿರಲಿಲ್ಲ.

ಸರ್ಟ್‌ಬಾಟ್‌ನಲ್ಲಿ ಇದಕ್ಕೆ ‘ಡಿಪ್ಲಾಯ್ ಹುಕ್’ ಅಂತ ಜಾಗ ಇದೆ. ನವೀಕರಣ ಯಶಸ್ವಿಯಾದರೆ ಮಾತ್ರ ಓಡೋ ಒಂದು ಸಾಲು. ಅಲ್ಲಿ ರೀಲೋಡ್ ಬರೆದರೆ ಮುಗೀತು. ರೀಲೋಡಲ್ಲಿ ಸೈಟು ನಿಲ್ಲಲ್ಲ, ಬುಕಿಂಗ್ ಮಧ್ಯದಲ್ಲಿ ಇರೋರಿಗೂ ತೊಂದರೆ ಇಲ್ಲ.

ಪಾಠ: ಫೈಲ್ ನೋಡಿ ಸಮಾಧಾನ ಪಡಬೇಡಿ. ಗಿರಾಕಿ ನಿಂತ ಜಾಗದಲ್ಲಿ ನಿಂತು, ಹೊರಗಿನಿಂದ, ಸೈಟು ತೋರಿಸ್ತಿರೋ ಸರ್ಟಿಫಿಕೇಟಿನ ತಾರೀಖು ಓದಿ.

ಆ ಶುಕ್ರವಾರದ ಬುಕಿಂಗ್ ವಾಪಸ್ ಬರಲಿಲ್ಲ. ಎರಡು ರೂಮು ಖಾಲಿ ಬಿದ್ದವು. ಅವನಿಗೆ ಅದು ಆ ತಿಂಗಳ ಕರೆಂಟ್ ಬಿಲ್ಲು.

7/8

ಮೂರನೇದು ಅಜ್ಜಂಪುರದ ಒಂದು ಸೈಬರ್ ಸೆಂಟರಿಂದು. ಯಾವ ಅರ್ಜಿಗೆ ಯಾವ ದಾಖಲೆ ಬೇಕು, ಕೊನೇ ದಿನ ಯಾವುದು ಅಂತ ಪಟ್ಟಿ ಹಾಕೋ ಸೈಟು. ಸ್ಕಾಲರ್‌ಶಿಪ್ ಸೀಸನ್ನಿನಲ್ಲಿ ಮಕ್ಕಳು ಅದನ್ನೇ ನೋಡಿ ಬರ್ತಾರೆ.

ಇಲ್ಲಿ ಟೈಮರ್ ಇತ್ತು, ಹುಕ್ಕೂ ಇತ್ತು. ಹೋಸ್ಟಿಂಗ್ ಕೊಟ್ಟವರು ಒಂದು ದಿನ ಫೈರ್‌ವಾಲ್ ಬಿಗಿ ಮಾಡಿದರು. ಎಲ್ಲಾ ಎಚ್‌ಟಿಟಿಪಿಎಸ್ ಅಲ್ವಾ, ಹಳೇ 80ನೇ ಪೋರ್ಟ್ ಯಾಕೆ ಅಂತ ಮುಚ್ಚಿದರು. ಗುಟ್ಟಿನ ಪದ ನೋಡೋಕೆ ಬರೋರು ಮೊದಲು ತಟ್ಟೋದು ಅದೇ ಬಾಗಿಲು. ಹೀಗಾಗಿ ಸರ್ಟ್‌ಬಾಟ್ ದಿನಕ್ಕೆ ಎರಡು ಸಲ ಎದ್ದು, ಎರಡು ಸಲ ಸೋತು, ಎರಡು ಸಲ ಲಾಗ್‌ನಲ್ಲಿ ಬರೆದು ಮಲಗ್ತಿತ್ತು. ಸೈಟು ಮಾತ್ರ ಚೆನ್ನಾಗೇ ನಡೀತಿತ್ತು. ಲಾಗ್ ಯಾರು ಓದ್ತಾರೆ ಹೇಳಿ?

ಮೊದಲಾದರೆ ಲೆಟ್ಸ್ ಎನ್‌ಕ್ರಿಪ್ಟ್ ನವರೇ “ಮುಗೀತಾ ಬಂತು” ಅಂತ ಮೇಲ್ ಕಳಿಸ್ತಿದ್ದರು. 2025ರ ಜೂನ್ 4ರಿಂದ ಅದನ್ನ ನಿಲ್ಲಿಸಿದಾರೆ. ಕಾವಲು ನಾವೇ ಇಡಬೇಕು.

ನಮ್ಮ ಕಡೆ ಕೆರೆಗೆ ನೀರುಗಂಟಿ ಅಂತ ಇರ್ತಿದ್ದರು. ತೂಬು ಎತ್ತೋದು ಇಳಿಸೋದು ಅವರ ಕೆಲಸ. ಏರಿ ಒಡೆದ ದಿನ ಓಡೋದಲ್ಲ, ಏನೂ ಆಗದ ದಿನವೂ ಒಂದು ಸುತ್ತು ಹಾಕಿ ಬರ್ತಿದ್ದರು. ನಾನು ಇಟ್ಟಿರೋದೂ ಅಂಥದ್ದೇ ಒಂದು ಸಣ್ಣ ಸ್ಕ್ರಿಪ್ಟು. ಬೇರೆ ಮಷಿನ್‌ನಿಂದ ದಿನಾ ಬೆಳಿಗ್ಗೆ ಮೂರೂ ಸೈಟಿಗೆ ಹೋಗಿ ಮುಗಿಯೋ ತಾರೀಖು ಓದುತ್ತೆ. 30 ದಿನ ಉಳಿದಾಗ ನವೀಕರಣ ಆಗಬೇಕು. 20ಕ್ಕೆ ಇಳಿದರೂ ಆಗಿಲ್ಲ ಅಂದ್ರೆ ನನ್ನ ಫೋನಿಗೆ ಮೆಸೇಜ್. ಅಜ್ಜಂಪುರದ್ದು ಸಿಕ್ಕಿಬಿದ್ದಿದ್ದು ಹಾಗೆ. ಸರಿ ಮಾಡೋಕೆ ಇನ್ನೂ 20 ದಿನ ಕೈಲಿತ್ತು. ಫೋನ್ ಮಾಡಿ 80 ತೆರೆಸಿದ್ವಿ, ಅಲ್ಲಿಗೆ ಬಂದವರನ್ನ ಎಚ್‌ಟಿಟಿಪಿಎಸ್‌ಗೆ ಕಳಿಸೋ ಹಾಗೆ ಮಾಡಿದ್ವಿ. ಒಂದು ಮಗುವಿಗೂ ಎಚ್ಚರಿಕೆ ಪುಟ ಕಾಣಲಿಲ್ಲ.

ಕಾವಲುಗಾರನೇ ಸತ್ತರೆ? ಅದಕ್ಕೆ ಪ್ರತಿ ಸೋಮವಾರ “ಎಲ್ಲಾ ಸರಿ ಇದೆ” ಅಂತಲೂ ಒಂದು ಮೆಸೇಜ್ ಬರುತ್ತೆ. ಸೋಮವಾರ ಫೋನು ಸುಮ್ಮನಿದ್ದರೆ ಎದ್ದು ನೋಡ್ತೀನಿ.

ಸೈಬರ್ ಸೆಂಟರಲ್ಲಿ ಕಂಡ ಇನ್ನೊಂದು: ಒಂದೇ ಫೋನಲ್ಲಿ ಎಲ್ಲಾ ಸೈಟಿಗೂ ಎಚ್ಚರಿಕೆ ಬಂದರೆ ಮೊದಲು ಆ ಫೋನಿನ ತಾರೀಖು ನೋಡಿ. ಗಡಿಯಾರ ತಪ್ಪಿದ್ದರೆ ಸರಿಯಾದ ಸರ್ಟಿಫಿಕೇಟೂ ಮುಗಿದ ಹಾಗೆ ಕಾಣುತ್ತೆ.

8/8

ಸೇವ್ ಮಾಡ್ಕೊಳ್ಳೋ ಪೋಸ್ಟ್ ಇದು.

• ಮೊದಲ ಪ್ರಯೋಗ ಸ್ಟೇಜಿಂಗ್ ಸರ್ವರಲ್ಲಿ ಮಾಡಿ. ಅಸಲಿಯಲ್ಲಿ ಒಂದೇ ಹೆಸರಿನ ಗುಂಪಿಗೆ ವಾರಕ್ಕೆ 5 ಸರ್ಟಿಫಿಕೇಟ್ ಮಾತ್ರ. ಆಟ ಆಡಿದರೆ ಬಾಗಿಲು ಹಾಕ್ತಾರೆ.
• ಕೂರಿಸಿದ ದಿನವೇ ‘ಡ್ರೈ-ರನ್’ ಓಡಿಸಿ. ಸರ್ವರ್, ಡಿಎನ್‌ಎಸ್, ಫೈರ್‌ವಾಲ್ ಏನೇ ಬದಲಾದರೂ ಮತ್ತೆ ಓಡಿಸಿ.
• ‘60 ದಿನಕ್ಕೊಮ್ಮೆ’ ಅಂತ ಕ್ರಾನ್‌ನಲ್ಲಿ ಗಟ್ಟಿಯಾಗಿ ಬರೆಯಬೇಡಿ. ಲೆಟ್ಸ್ ಎನ್‌ಕ್ರಿಪ್ಟ್ 2028ರಲ್ಲಿ 90 ದಿನವನ್ನ 45ಕ್ಕೆ ಇಳಿಸೋದಾಗಿ ಹೇಳಿದೆ. ಅವತ್ತು 60ರ ಲೆಕ್ಕ ಮುಳುಗುತ್ತೆ. ದಿನಾ ಕೇಳಲಿ, ಮೂರನೇ ಒಂದು ಭಾಗ ಉಳಿದಾಗ ನವೀಕರಿಸಲಿ.
• ರೀಲೋಡ್ ಹುಕ್.
• ಹೊರಗಿನಿಂದ ಕಾವಲು. ಎಚ್ಚರಿಕೆ ಇಬ್ಬರ ಫೋನಿಗೆ ಬರಲಿ, ಅದರಲ್ಲಿ ಒಬ್ಬರು ಊರಲ್ಲೇ ಇರೋರು.

ಕೊನೆಯದನ್ನ ಎರಡು ಸಲ ಓದಿ. ನಮ್ಮ ಬ್ಯಾಚ್ ನೋಡಿ, ಅರ್ಧಕ್ಕಿಂತ ಹೆಚ್ಚು ಜನ ಬೆಂಗಳೂರಿನ ಬಸ್ಸೋ ರೈಲೋ ಹತ್ತಿ ಆಗಿದೆ. ಹೋಗೋದು ತಪ್ಪಲ್ಲ. ಆದರೆ ನಾವು ಪ್ರೀತಿಯಿಂದ ಮಾಡಿಕೊಟ್ಟ ಸೈಟುಗಳು ಇಲ್ಲೇ ಇವೆ, ಅವುಗಳ ಪಾಸ್‌ವರ್ಡ್ ನಮ್ಮ ಹಳೇ ಇನ್‌ಬಾಕ್ಸಲ್ಲಿವೆ. ನಾವು ಮರೆತ ದಿನ ಎಚ್ಚರಿಕೆ ಪುಟ ನೋಡೋರು ಕಡೂರಿನ ಅಂಗಡಿಯಲ್ಲಿರ್ತಾರೆ, ಅಜ್ಜಂಪುರದ ಬೆಂಚಿನ ಮೇಲಿರ್ತಾರೆ.

ಲೆಟ್ಸ್ ಎನ್‌ಕ್ರಿಪ್ಟ್ ಕಟ್ಟಿದವರಲ್ಲಿ ಒಬ್ಬರು ಪೀಟರ್ ಎಕರ್ಸ್‌ಲಿ. 2022ರ ಸೆಪ್ಟೆಂಬರ್ 2ರಂದು ತೀರಿಕೊಂಡರು. ಅವರು ಜೊತೆಯವರೊಂದಿಗೆ ಕಟ್ಟಿಟ್ಟಿದ್ದು ಅವರ ನೆನಪಿನ ಮೇಲೆ ನಿಂತಿರಲಿಲ್ಲ, ಹಾಗಾಗಿ ಇವತ್ತು ಬೆಳಿಗ್ಗೆಯೂ ನಡೀತು. ನಮ್ಮ ಸಣ್ಣ ಸೈಟಿಗೂ ಅಷ್ಟು ಮಾಡಿಟ್ಟು ಹೋಗೋದು ಒಂದು ಸಂಜೆಯ ಕೆಲಸ.

ಈ ವಾರ ನೀವು ಮಾಡಿಕೊಟ್ಟ ಸೈಟನ್ನ ಒಮ್ಮೆ ತೆರೆದು, ವಿಳಾಸದ ಪಕ್ಕದ ಚಿಹ್ನೆ ಒತ್ತಿ, ಸರ್ಟಿಫಿಕೇಟಿನ ಕೊನೇ ತಾರೀಖು ಕಾಮೆಂಟಲ್ಲಿ ಹಾಕಿ. ಸೈಟಿನ ಹೆಸರು ಬೇಡ, ತಾರೀಖು ಸಾಕು. 20 ದಿನಕ್ಕಿಂತ ಕಡಿಮೆ ಇರೋರು ಮೆಸೇಜ್ ಮಾಡಿ, ಭಾನುವಾರ ಕೂತು ಒಟ್ಟಿಗೆ ಸರಿ ಮಾಡೋಣ.

#ಕಡೂರು #ತರೀಕೆರೆ #ಅಜ್ಜಂಪುರ #ಕನ್ನಡದಲ್ಲಿ_ಟೆಕ್ #ಅಡ್ವಾನ್ಸ್ಡ್_ಒತ್ತಬೇಡಿ